ಸಿಲ್ಕಿ ಕೋಳಿಗೆ ಮಳೆ ಯಾಕೆ ಆಗಿಬರಲ್ಲ? ಗೋವಾದ ಅಂಗಳದಲ್ಲಿ ಫ್ಯಾನ್ಸಿ ಬ್ಯಾಂಟಮ್ ಸಾಕುವವರಿಗೆ

ಮೇ ತಿಂಗಳ ರಜೆಯಲ್ಲಿ ಮಕ್ಕಳ ಹಠಕ್ಕೆ ಮನೆಗೆ ಬರುತ್ತವೆ. ಅರಳೆ ಉಂಡೆಯಂಥ ಬಿಳಿ ಸಿಲ್ಕಿ ಜೋಡಿ, ಇಲ್ಲವೇ ತಲೆಯ ಮೇಲೆ ಪುಕ್ಕದ ಟೋಪಿ ಇರುವ ಪೋಲಿಷ್, ಇಲ್ಲವೇ ಮೈಯ ಪುಕ್ಕವೆಲ್ಲ ಸುರುಳಿ ಸುತ್ತಿಕೊಂಡ ಫ್ರಿಜಲ್. ಬಿಸಿಲಲ್ಲಿ ಅಂಗಳದ ತುಂಬ ಓಡಾಡಿಕೊಂಡು ಚೆನ್ನಾಗಿಯೇ ಇರುತ್ತವೆ. ಜೂನ್ ಮೊದಲ ವಾರ ಗೋವಾದಲ್ಲಿ ಮಳೆ ಹಿಡಿಯುತ್ತದೆ. ಅಲ್ಲಿಂದ ಹದಿನೈದು ದಿನಕ್ಕೆ ನನಗೆ ಫೋನ್ ಬರಲು ಶುರುವಾಗುತ್ತದೆ. "ಅಕ್ಕಾ, ಕೋಳಿ ಮುದುಡಿಕೊಂಡು ಕೂತಿದೆ. ಕಣ್ಣೇ ಬಿಡ್ತಿಲ್ಲ."

ವಾಸ್ಕೋದಿಂದ, ಮಡಗಾಂವ್‌ನಿಂದ, ಒಮ್ಮೊಮ್ಮೆ ಪುಣೆ ಕಡೆಯಿಂದಲೂ ಕರೆ ಬರುತ್ತದೆ. ಹೆಚ್ಚಿನವರು ನಮ್ಮ ಹಾಗೆ ಊರು ಬಿಟ್ಟು ಬಂದ ಕನ್ನಡದವರು. ಊರಲ್ಲಿ ನಾಟಿ ಕೋಳಿ ಸಾಕಿ ಗೊತ್ತಿರುವವರು. ಕೋಳಿ ಅಂದಮೇಲೆ ಮಳೆಗೆ ಹೆದರುತ್ತಾ ಅಂತ ಅವರಿಗೆ ಆಶ್ಚರ್ಯ. ನಾನೂ ಹಾವೇರಿ ಕಡೆಯವಳು. ಫೋಂಡಾಕ್ಕೆ ಬಂದು ಸಿಲ್ಕಿ ತಂದ ಮೊದಲ ವರ್ಷ ನನಗೂ ಹಾಗೇ ಅನಿಸಿತ್ತು. ಆ ಮಳೆಗಾಲದಲ್ಲಿ ಎರಡು ಕೋಳಿ ಕಳೆದುಕೊಂಡೆ. ಹಾಗಾಗಿ ಇದನ್ನು ಬುಡದಿಂದಲೇ ಬಿಡಿಸಿ ಬರೆಯುತ್ತಿದ್ದೇನೆ.

ಬ್ಯಾಂಟಮ್ ಅಂದರೆ ಯಾವ ಕೋಳಿ?

ಬ್ಯಾಂಟಮ್ ಅನ್ನುವುದು ಒಂದೇ ತಳಿಯ ಹೆಸರಲ್ಲ. ಗಾತ್ರದಲ್ಲಿ ಚಿಕ್ಕದಾಗಿರುವ ಕೋಳಿಗಳಿಗೆಲ್ಲ ಆ ಹೆಸರು. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಬಾಂಟೆನ್ ಅಂತ ಒಂದು ಬಂದರು ಇತ್ತು. ಯುರೋಪಿನ ಹಡಗಿನವರು ಅಲ್ಲಿ ಕಂಡ ಪುಟ್ಟ ಕೋಳಿಗಳಿಗೆ ಊರಿನ ಹೆಸರನ್ನೇ ಇಟ್ಟರು. ತೂಕ ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸು, ಕೆಲವು ಅದಕ್ಕಿಂತಲೂ ಹಗುರ.

ಇವುಗಳಲ್ಲಿ ಪುಕ್ಕ ವಿಚಿತ್ರವಾಗಿರುವ ನಾಲ್ಕು ಬಗೆ ನಮ್ಮ ಕಡೆ ಜಾಸ್ತಿ ಸಿಗುತ್ತವೆ. ಮೈಯೆಲ್ಲ ಕೂದಲಿನಂತೆ ಕಾಣುವುದು ಸಿಲ್ಕಿ. ಪುಕ್ಕ ಹೊರಕ್ಕೆ ಸುರುಳಿಯಾಗಿರುವುದು ಫ್ರಿಜಲ್. ತಲೆಯ ಮೇಲೆ ದೊಡ್ಡ ಗೊಂಚಲು ಇರುವುದು ಪೋಲಿಷ್. ಕಾಲ್ಬೆರಳ ತನಕ ಪುಕ್ಕ ಇಳಿದಿರುವುದು ಕೊಚಿನ್. ಈ ಕೊಚಿನ್ ಹೆಸರು ಕೇಳಿ ಕೇರಳದ ಕೊಚ್ಚಿಯ ಕೋಳಿ ಅಂದುಕೊಳ್ಳಬೇಡಿ, ಅದರ ಮೂಲ ಚೀನಾ.

ಸಿಲ್ಕಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅದರ ಚರ್ಮ ಕಪ್ಪು, ಮೂಳೆ ಕಪ್ಪು, ಕಾಲಿಗೆ ನಾಲ್ಕರ ಬದಲು ಐದು ಬೆರಳು. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಕೂಡ ಹೀಗೇ ಕಪ್ಪು. 13ನೇ ಶತಮಾನದಲ್ಲಿ ಚೀನಾ ಸುತ್ತಿದ ಮಾರ್ಕೋ ಪೋಲೋ ಕೂಡ ಬೆಕ್ಕಿನಂಥ ಕೂದಲಿರುವ ಕಪ್ಪು ಕೋಳಿಗಳ ವಿಷಯ ಹೇಳಿದ್ದಾನೆ. ಅಷ್ಟು ಹಳೆಯ ತಳಿ ಇದು. ಮೊನ್ನೆ ಮೊನ್ನೆ ಯಾರೋ ಅಂದಕ್ಕೆ ಮಾಡಿದ್ದಲ್ಲ.

ಒಂದು ಪುಕ್ಕವನ್ನು ಕೈಗೆ ತಗೊಳ್ಳಿ

ಅಂಗಳದಲ್ಲಿ ಬಿದ್ದಿರುವ ನಾಟಿ ಕೋಳಿಯ ರೆಕ್ಕೆ ಪುಕ್ಕ ಒಂದನ್ನು ಎತ್ತಿಕೊಳ್ಳಿ. ನಡುವೆ ಗಟ್ಟಿ ದಂಟು. ದಂಟಿನ ಎರಡೂ ಬದಿಗೆ ಎಳೆಗಳು. ಈಗ ಆ ಎಳೆಗಳನ್ನು ಬೆರಳಿಂದ ಕೆಳಮುಖವಾಗಿ ಸವರಿ. ಎಳೆಗಳು ಬಿಟ್ಟುಕೊಂಡು ಪುಕ್ಕ ಹರಿದ ಹಾಗೆ ಕಾಣುತ್ತದೆ. ಮತ್ತೆ ಬುಡದಿಂದ ತುದಿಯ ಕಡೆಗೆ ಎರಡು ಬೆರಳ ನಡುವೆ ಹಿಡಿದು ಎಳೆಯಿರಿ. ಹರಿದದ್ದು ಕೂಡಿಕೊಳ್ಳುತ್ತದೆ! ನಾವು ಚಿಕ್ಕವರಿದ್ದಾಗ ಆಡಿದ ಆಟವೇ ಇದು.

ಅದು ಕೂಡಿಕೊಳ್ಳುವುದು ಹೇಗೆ? ಪ್ರತಿ ಎಳೆಯಿಂದ ಇನ್ನೂ ಸಣ್ಣ ಮರಿ ಎಳೆಗಳು ಹೊರಟಿರುತ್ತವೆ. ಆ ಮರಿ ಎಳೆಗಳಲ್ಲಿ ಬರಿಗಣ್ಣಿಗೆ ಕಾಣದ ಕೊಕ್ಕೆಗಳಿರುತ್ತವೆ. ಒಂದರ ಕೊಕ್ಕೆ ಪಕ್ಕದ ಎಳೆಯನ್ನು ಹಿಡಿದುಕೊಳ್ಳುತ್ತದೆ, ಬ್ಯಾಗಿನ ಜಿಪ್ ಹಾಕಿದ ಹಾಗೆ. ಸಾವಿರಾರು ಕೊಕ್ಕೆ ಸೇರಿ ಬಿಡಿ ಎಳೆಗಳನ್ನು ಒಂದು ಹಾಳೆ ಮಾಡುತ್ತವೆ. ಹಾಳೆಯ ಮೇಲೆ ಬಿದ್ದ ಹನಿ ಜಾರಿ ಹೋಗುತ್ತದೆ.

ಸಿಲ್ಕಿಯ ಪುಕ್ಕದಲ್ಲಿ ಹಿಡಿದುಕೊಳ್ಳುವ ಕೊಕ್ಕೆ ಇಲ್ಲ. ಎಳೆಗಳೆಲ್ಲ ಬಿಡಿಬಿಡಿ. ನೋಡುವುದಕ್ಕೆ ಕೂದಲು, ನಿಜಕ್ಕೂ ಅದು ಜಿಪ್ ಇಲ್ಲದ ಪುಕ್ಕ. ನಮ್ಮ ಹಾವೇರಿ ಕಡೆ ಹತ್ತಿ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಛತ್ರಿ ಬಟ್ಟೆಯೂ ಎಳೆಯೇ, ಅರಳೆಯೂ ಎಳೆಯೇ. ಬಿಗಿಯಾಗಿ ನೇಯ್ದದ್ದರ ಮೇಲೆ ನೀರು ಹರಿದು ಹೋಗುತ್ತದೆ, ಅರಳೆ ನೀರು ಕುಡಿಯುತ್ತದೆ. ನಾಟಿ ಕೋಳಿ ಛತ್ರಿ ಹಿಡಿದುಕೊಂಡು ಹುಟ್ಟಿದೆ. ಸಿಲ್ಕಿ ಅರಳೆ ಹೊದ್ದುಕೊಂಡು ಹುಟ್ಟಿದೆ.

"ಕೋಳಿಗೆ ಬಾಲದ ಬುಡದಲ್ಲಿ ಎಣ್ಣೆ ಗ್ರಂಥಿ ಇರುತ್ತಲ್ವಾ, ಅದೇ ಎಣ್ಣೆ ಬಳ್ಕೊಂಡು ನೀರು ತಡೆಯಲ್ವಾ?" ಅಂತ ಕೇಳುತ್ತಾರೆ. ಸಿಲ್ಕಿಗೂ ಆ ಗ್ರಂಥಿ ಇದೆ. ಅದೂ ಕೊಕ್ಕಿನಿಂದ ಎಣ್ಣೆ ಒತ್ತಿ ತೆಗೆದು ಮೈಗೆ ಸವರಿಕೊಳ್ಳುತ್ತದೆ. ಎಣ್ಣೆ ಪುಕ್ಕವನ್ನು ಮೆದುವಾಗಿ, ಚೆನ್ನಾಗಿ ಇಡುತ್ತದೆ. ಆದರೆ ನೀರು ತಡೆಯುವ ಮುಖ್ಯ ಕೆಲಸ ಆ ಹಾಳೆಯದು. ಹಾಳೆಯೇ ಇಲ್ಲದಿದ್ದರೆ ಎಣ್ಣೆ ಒಂದೇ ಏನು ಮಾಡೀತು?

ರೆಕ್ಕೆಯಲ್ಲೂ ಹಾಳೆ ಇಲ್ಲದ್ದರಿಂದ ಸಿಲ್ಕಿ ಹಾರುವುದಿಲ್ಲ. ಅಂಗಳದಲ್ಲಿ ನೀರು ನಿಂತರೆ ಮರ ಹತ್ತಿ ಕೂರುವ ದಾರಿ ಅದಕ್ಕಿಲ್ಲ. ಗೂಡು ಕಟ್ಟುವಾಗ ಈ ಮಾತು ನೆನಪಿರಲಿ.

ತಿರುವಿ ಹೊದಿಸಿದ ಹಂಚು

ಫ್ರಿಜಲ್ ಕಥೆ ಬೇರೆ. ಅದರ ಪುಕ್ಕದಲ್ಲಿ ಕೊಕ್ಕೆ ಇದೆ, ಹಾಳೆಯೂ ಇದೆ. ಆದರೆ ದಂಟು ಹೊರಕ್ಕೆ ಬಾಗಿದೆ. ಮನೆಗೆ ಹಂಚು ಹೊದಿಸುವಾಗ ಮೇಲಿನ ಹಂಚಿನ ತುದಿ ಕೆಳಗಿನದರ ಮೇಲೆ ಬರುವ ಹಾಗೆ ಇಡುತ್ತೇವೆ, ನೀರು ಒಂದರಿಂದ ಇನ್ನೊಂದಕ್ಕೆ ಇಳಿದು ಹೋಗಲಿ ಅಂತ. ಮಾಮೂಲಿ ಕೋಳಿಯ ಪುಕ್ಕವೂ ಹಾಗೇ ಜೋಡಿಸಿಕೊಂಡಿರುತ್ತದೆ. ಫ್ರಿಜಲ್‌ನಲ್ಲಿ ಪ್ರತಿ ಹಂಚಿನ ತುದಿಯೂ ಮೇಲಕ್ಕೆದ್ದಿದೆ. ಮಳೆ ನೇರವಾಗಿ ಚರ್ಮಕ್ಕೆ ಇಳಿಯುತ್ತದೆ, ಗಾಳಿಯೂ ಇಳಿಯುತ್ತದೆ.

ಇಲ್ಲಿ ಮರಿ ಮಾಡಿಸುವವರಿಗೆ ಒಂದು ಎಚ್ಚರಿಕೆ. ಫ್ರಿಜಲ್ ಗುಣ ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು, ಪುಕ್ಕ ಸುರುಳಿಯಾಗುತ್ತದೆ. ಫ್ರಿಜಲ್‌ಗೆ ಫ್ರಿಜಲ್ಲೇ ಜೋಡಿ ಮಾಡಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಎರಡೂ ಕಡೆಯಿಂದ ಆ ಗುಣ ಬರುತ್ತದೆ. ಅಂಥ ಮರಿಯ ಪುಕ್ಕ ತಂತಿಯ ಹಾಗೆ ತೆಳ್ಳಗಾಗಿ ಮುರಿದು ಉದುರುತ್ತದೆ. ಮೈ ಅಲ್ಲಲ್ಲಿ ಬೋಳಾಗುತ್ತದೆ. ಗೋವಾದ ಮಳೆಯಲ್ಲಿ ಆ ಮರಿಗೆ ತುಂಬಾ ಕಷ್ಟ. ಫ್ರಿಜಲ್‌ಗೆ ನೇರ ಪುಕ್ಕದ ಜೋಡಿಯನ್ನೇ ಹುಡುಕಿ.

ಸಿಲ್ಕಿಯಲ್ಲಿ ಇದು ಉಲ್ಟಾ. ಎರಡೂ ಕಡೆಯಿಂದ ಬಂದರೆ ಮಾತ್ರ ರೇಷ್ಮೆ ಪುಕ್ಕ. ನಾಟಿ ಕೋಳಿ ಜೊತೆ ಬಿಟ್ಟು "ಮಳೆ ತಡೆಯುವ ಸಿಲ್ಕಿ" ಮಾಡುತ್ತೇನೆ ಅನ್ನುವವರಿಗೆ ಮೊದಲ ಸಲ ಹುಟ್ಟುವುದು ಮಾಮೂಲಿ ಪುಕ್ಕದ ಮರಿಗಳೇ.

ಪೋಲಿಷ್ ಕೋಳಿಯ ಮೈ ಪುಕ್ಕ ಮಾಮೂಲಿಯದೇ, ತೊಂದರೆ ಇರುವುದು ತಲೆಯಲ್ಲಿ. ಗೊಂಚಲು ನೆನೆದರೆ ಒದ್ದೆ ಬಟ್ಟೆಯ ಹಾಗೆ ಕಣ್ಣಿನ ಮೇಲೆ ಬೀಳುತ್ತದೆ. ಕೋಳಿಗೆ ದಾರಿ ಕಾಣುವುದಿಲ್ಲ. ಮಳೆ ಬಂದಾಗ ಬೇರೆ ಕೋಳಿಗಳೆಲ್ಲ ಗೂಡಿಗೆ ಓಡಿದರೆ ಇದು ನಿಂತಲ್ಲೇ ನಿಂತು ನೆನೆಯುತ್ತದೆ. ತುಂಬಾ ಹೊತ್ತು ಒದ್ದೆ ಪುಕ್ಕ ಕಣ್ಣಿಗೆ ತಾಗುತ್ತಾ ಇದ್ದರೆ ಕಣ್ಣು ಕೆಂಪಾಗಿ ಅಂಟಿಕೊಳ್ಳುತ್ತದೆ. ಮಳೆಗಾಲಕ್ಕೆ ಮೊದಲೇ ಮೊಂಡು ತುದಿಯ ಕತ್ತರಿಯಿಂದ ಕಣ್ಣಿನ ಸುತ್ತಲಿನ ಪುಕ್ಕ ಗಿಡ್ಡ ಮಾಡಿ. ಬುಡ ನೀಲಿಯಾಗಿ, ಕೊಳವೆಯ ಹಾಗಿರುವ ಎಳೆ ಪುಕ್ಕವನ್ನು ಮುಟ್ಟಬೇಡಿ, ಅದರಲ್ಲಿ ರಕ್ತ ಓಡಾಡುತ್ತಿರುತ್ತದೆ. ಸಿಲ್ಕಿಗೂ ತಲೆಯಲ್ಲಿ ಗೊಂಚಲು ಇರುವುದರಿಂದ ಇದೇ ಕೆಲಸ ಅದಕ್ಕೂ ಬೇಕು.

ಕೊಚಿನ್‌ಗೆ ಕಾಲಿನದೇ ಚಿಂತೆ. ನಮ್ಮ ಕೆಂಪು ಮಣ್ಣು ಕಾಲಿನ ಪುಕ್ಕಕ್ಕೆ ಮೆತ್ತಿ, ಒಣಗಿ, ಗೋಲಿಯಷ್ಟು ಗಟ್ಟಿ ಉಂಡೆಯಾಗುತ್ತದೆ. ಎಳೆದು ಕೀಳಬೇಡಿ, ಉಗುರೇ ಬಂದುಬಿಡಬಹುದು. ಉಗುರುಬೆಚ್ಚಗಿನ ನೀರಲ್ಲಿ ಕಾಲು ಅದ್ದಿ ಹಿಡಿದರೆ ಹತ್ತು ನಿಮಿಷದಲ್ಲಿ ಕರಗುತ್ತದೆ.

ನೆನೆದರೆ ಒಳಗೆ ಏನಾಗುತ್ತದೆ?

ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಮ್ಮದು 37. ಜುಲೈ ರಾತ್ರಿ ಗೋವಾದಲ್ಲಿ ಹೊರಗಿನ ಗಾಳಿ 24 ಡಿಗ್ರಿ ಆಸುಪಾಸು. ನಮಗೆ ಅದು ಹಿತ. ಕೋಳಿಗೆ ಮೈಗೂ ಗಾಳಿಗೂ 17 ಡಿಗ್ರಿ ಅಂತರ. ಆ ಅಂತರವನ್ನು ತಡೆದು ನಿಲ್ಲಿಸುವುದು ಪುಕ್ಕದ ಒಳಗೆ ಸಿಕ್ಕಿಕೊಂಡ ಗಾಳಿ. ಕಂಬಳಿ ಬೆಚ್ಚಗಿರುವುದೂ ಇದೇ ಕಾರಣಕ್ಕೆ. ಪುಕ್ಕ ನೆನೆದಾಗ ಗಾಳಿಯ ಜಾಗಕ್ಕೆ ನೀರು ಬಂದು ಕೂರುತ್ತದೆ. ನೀರು ಬಿಸಿಯನ್ನು ಗಾಳಿಗಿಂತ ಎಷ್ಟೋ ಬೇಗ ಹೊರಗೆ ಸಾಗಿಸುತ್ತದೆ. ಆ ನೀರು ಆರುವಾಗಲೂ ಮೈಯ ಬಿಸಿಯನ್ನೇ ತಗೊಂಡು ಆರುತ್ತದೆ. ಮೇಲಿಂದ ಗಾಳಿ ಬೀಸಿದರೆ ಇನ್ನೂ ಬೇಗ.

ಗಾತ್ರವೂ ಸೇರಿಕೊಳ್ಳುತ್ತದೆ. ಹಂಡೆಯ ಬಿಸಿನೀರು ಗಂಟೆಗಟ್ಟಲೆ ಬೆಚ್ಚಗಿರುತ್ತದೆ, ಲೋಟದ ನೀರು ಹತ್ತೇ ನಿಮಿಷದಲ್ಲಿ ತಣ್ಣಗಾಗುತ್ತದೆ. ದೊಡ್ಡ ಗಿರಿರಾಜ ಹುಂಜ ಹಂಡೆ ಇದ್ದ ಹಾಗೆ. ಬ್ಯಾಂಟಮ್ ಲೋಟ. ಅದರ ಮರಿ ಕಾಫಿ ಲೋಟಕ್ಕಿಂತಲೂ ಚಿಕ್ಕದು.

ಇಲ್ಲಿ ಒಂದು ಮಾತು ಸರಿಯಾಗಿ ತಿಳಿದುಕೊಳ್ಳಬೇಕು. ಒಂದು ಸಲ ನೆನೆದ ಮಾತ್ರಕ್ಕೆ ಬೆಳೆದ ಸಿಲ್ಕಿ ಸಾಯುವುದಿಲ್ಲ. ನೆನೆದು, ಒಣಗದೆ, ರಾತ್ರಿಯಿಡೀ ಹಾಗೇ ಉಳಿಯುವುದೇ ಅಪಾಯ. ಮೈ ಬಿಸಿ ಉಳಿಸಿಕೊಳ್ಳುವುದಕ್ಕೇ ಅದರ ಶಕ್ತಿಯೆಲ್ಲ ಖರ್ಚಾಗುತ್ತದೆ. ಆ ಹೊತ್ತಲ್ಲಿ ಹೊಟ್ಟೆಯಲ್ಲಿ ಸುಮ್ನೆ ಕೂತಿದ್ದ ರೋಗ ಎದ್ದು ಬರುತ್ತದೆ.

ಗೋವಾ ಮಳೆ, ಮುಂಬಯಿ ಮಳೆ, ಪುಣೆ ಮಳೆ

ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಹೆಚ್ಚುಕಡಿಮೆ ಎಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುಂಬಯಿಯದ್ದು 2000 ದಾಟುತ್ತದೆ. ಸಹ್ಯಾದ್ರಿಯ ಆಚೆ ಮಳೆ ನೆರಳಲ್ಲಿರುವ ಪುಣೆ ಊರಿಗೆ ಸುಮಾರು 700 ಅಷ್ಟೇ. ಆದರೆ ಪುಣೆಯವರು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಊರು ಬಿಟ್ಟು ಪಶ್ಚಿಮಕ್ಕೆ, ಮುಳಶಿ ಕಡೆ ಹೋದಂತೆ ಮಳೆ ಜಾಸ್ತಿಯಾಗುತ್ತಾ ಹೋಗುತ್ತದೆ. ಊರೊಳಗಿನ ಜಿಟಿಜಿಟಿ ಮಳೆಯೂ ಮೋಸದ್ದು. ದೊಡ್ಡ ಮಳೆ ಬಂದರೆ ಕೋಳಿ ತಾನೇ ಗೂಡಿಗೆ ಓಡುತ್ತದೆ. ತುಂತುರಿಗೆ ಓಡುವುದಿಲ್ಲ, ಕೆದಕುತ್ತಾ ಕೆದಕುತ್ತಾ ಅರ್ಧ ದಿನದಲ್ಲಿ ಪೂರ್ತಿ ನೆನೆದಿರುತ್ತದೆ.

ಮೂರೂ ಕಡೆ ಮಳೆಗಿಂತ ಜಾಸ್ತಿ ಕಾಡುವುದು ಥಂಡಿ ಹಿಡಿದ ಗಾಳಿ. ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ನಮ್ಮ ಬಟ್ಟೆ ಒಣಗದ ಗಾಳಿಯಲ್ಲಿ ಕೋಳಿಯ ಪುಕ್ಕ ಮಾತ್ರ ಒಣಗುತ್ತದೆಯೇ?

ಗೂಡು: ಮೇಲೆ ಮುಚ್ಚಿ, ಬದಿ ಬಿಡಿ

ನಾನು ನೋಡಿದ ತಪ್ಪುಗಳಲ್ಲಿ ದೊಡ್ಡದು ನೀಲಿ ತಾಡಪಾಲು. ಮಳೆ ಶುರುವಾದ ಕೂಡಲೇ ಗೂಡಿಗೆ ನಾಲ್ಕೂ ಕಡೆಯಿಂದ ಪ್ಲಾಸ್ಟಿಕ್ ಸುತ್ತಿಬಿಡುತ್ತಾರೆ. ಹನಿ ಒಳಗೆ ಬರುವುದಿಲ್ಲ, ನಿಜ. ಆದರೆ ಕೋಳಿಯ ಉಸಿರಿನ ಆವಿ, ಹಿಕ್ಕೆಯ ಒದ್ದೆ ಹೊರಗೂ ಹೋಗುವುದಿಲ್ಲ. ಬೆಳಿಗ್ಗೆ ತೆಗೆದು ನೋಡಿದರೆ ಪ್ಲಾಸ್ಟಿಕ್‌ನ ಒಳಮೈಯಲ್ಲಿ ಹನಿ ಸಾಲುಗಟ್ಟಿರುತ್ತದೆ. ಮೊದಲ ವರ್ಷ ನಾನು ಮಾಡಿದ್ದೂ ಇದನ್ನೇ.

ಇನ್ನೊಂದು ಕಾರಣ ಇದೆ. ಕೋಳಿಗೆ ಬೆವರು ಬರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಗಂಟಲಿನ ತೇವ ಆರಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ಗಾಳಿಯೇ ಒದ್ದೆಯಾಗಿದ್ದರೆ ತೇವ ಆರುವುದಿಲ್ಲ. ಹಾಗಾಗಿ ಮುಚ್ಚಿದ ಗೂಡಿನಲ್ಲಿ ಮಳೆಗಾಲದ ಮಧ್ಯಾಹ್ನ ಕೋಳಿ ಸೆಕೆಗೆ ಒದ್ದಾಡುತ್ತದೆ.

ನೆಲವನ್ನು ಕೆಂಪು ಕಲ್ಲಿನ ಮೇಲೆ ಒಂದೂವರೆ ಎರಡು ಅಡಿ ಎತ್ತರಿಸಿ. ಸಿಲ್ಕಿ ಹಾರದು, ಹಾಗಾಗಿ ಹತ್ತಲು ಇಳಿಜಾರು ಹಲಗೆ ಬೇಕು. ಜಾರದ ಹಾಗೆ ಅದರ ಮೇಲೆ ಅಡ್ಡ ಪಟ್ಟಿ ಹೊಡೆಯಿರಿ. ಮಲಗುವ ಕೋಲು ನೆಲದಿಂದ ಅರ್ಧ ಅಡಿ ಇದ್ದರೆ ಸಾಕು. ಬಹಳಷ್ಟು ಸಿಲ್ಕಿಗಳು ಕೋಲನ್ನು ಮುಟ್ಟುವುದೇ ಇಲ್ಲ, ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಮಲಗುತ್ತವೆ.

ಮಾಡು ಇಳಿಜಾರಾಗಿರಲಿ, ಸೂರು ಮೂರಡಿ ಮುಂದಕ್ಕೆ ಚಾಚಿರಲಿ. ಮಳೆ ಇಲ್ಲಿ ನೇರ ಬೀಳುವುದಿಲ್ಲ, ಕಡಲ ಕಡೆಯಿಂದ ಓರೆಯಾಗಿ ಹೊಡೆಯುತ್ತದೆ. ಪಶ್ಚಿಮ ಮತ್ತು ನೈಋತ್ಯದ ಬದಿಗೆ ಅಡ್ಡ ಕಟ್ಟಿ, ಪೂರ್ವದ ಬದಿಗೆ ಬರೀ ಜಾಲರಿ ಬಿಡಿ. ಅಡ್ಡ ಕಟ್ಟುವುದಕ್ಕೆ ತೆಂಗಿನ ಮಡಲ ತಟ್ಟಿಯಷ್ಟು ಒಳ್ಳೆಯದು ನನಗೆ ಬೇರೆ ಕಂಡಿಲ್ಲ. ಇಲ್ಲಿಯವರು ಮೊಲ್ಲಾಂ ಅನ್ನುತ್ತಾರೆ. ಪಕ್ಕದ ಮನೆಯ ಅಜ್ಜಿ ಮೇ ಕೊನೆಗೆ ತಮ್ಮ ಜಗಲಿಗೆ ಕಟ್ಟುತ್ತಿದ್ದರು. ಅವರನ್ನು ನೋಡಿ ನಾನು ಗೂಡಿಗೂ ಕಟ್ಟಿದೆ. ಹನಿ ತಡೆಯುತ್ತದೆ, ಸಂದಿಯಲ್ಲಿ ಗಾಳಿ ಆಡುತ್ತದೆ. ಮಾಡಿನ ಕೆಳಗೆ, ಕೋಳಿಯ ತಲೆಗಿಂತ ಮೇಲೆ, ಅರ್ಧ ಅಡಿ ಸಂದಿ ಸುತ್ತಲೂ ಬಿಡಿ. ಬಿಸಿ ಗಾಳಿ ಅಲ್ಲಿಂದ ಹೊರಟು ಹೋಗುತ್ತದೆ. ಆ ಸಂದಿಗೂ ಅರ್ಧ ಇಂಚು ಕಣ್ಣಿನ ಜಾಲರಿ ಬೇಕು. ಮಳೆಗಾಲದಲ್ಲಿ ಹಾವು, ಹೆಗ್ಗಣಗಳೂ ಒಣ ಜಾಗ ಹುಡುಕಿಕೊಂಡು ಬರುತ್ತವೆ.

ಜಾಗ ಎಷ್ಟು ಬೇಕು? ರಾತ್ರಿ ಮಲಗಲು ಒಂದು ಬ್ಯಾಂಟಮ್‌ಗೆ 2 ಚದರ ಅಡಿ ನಡೆಯುತ್ತದೆ. ಆದರೆ ಜುಲೈನಲ್ಲಿ ವಾರಗಟ್ಟಲೆ ಒಳಗೇ ಇರಬೇಕಾಗುತ್ತದೆ. ಮಾಡಿನ ಕೆಳಗೆ ತಲಾ 6 ಚದರ ಅಡಿಯಾದರೂ ಇರಲಿ. ಇಕ್ಕಟ್ಟಾದರೆ ಒಂದರ ಪುಕ್ಕ ಇನ್ನೊಂದು ಕೀಳುತ್ತದೆ. ಹಾಗೆ ಕೀಳಿಸಿಕೊಳ್ಳುವುದರಲ್ಲಿ ಪೋಲಿಷ್‌ನ ತಲೆಯೇ ಮೊದಲು.

ಕಾಲಡಿಯ ಹಾಸು

ಗೂಡಿನ ನೆಲಕ್ಕೆ ಹಾಕುವ ಭತ್ತದ ಹೊಟ್ಟು, ಬಡಗಿ ಅಂಗಡಿಯ ಮರದ ಸಿಪ್ಪೆ, ಇದನ್ನೇ ಹಾಸು ಅನ್ನುತ್ತಿದ್ದೇನೆ. ಮೂರು ನಾಲ್ಕು ಇಂಚು ದಪ್ಪ ಇರಲಿ. ಹಿಟ್ಟಿನಂಥ ಗರಗಸದ ಪುಡಿ ಬೇಡ, ಸಿಲ್ಕಿಯ ಪುಕ್ಕಕ್ಕೆ ಅಂಟಿಕೊಂಡರೆ ಹೋಗುವುದಿಲ್ಲ.

ಹಾಸು ಸರಿಯಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಬೆಳಿಗ್ಗೆ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಗಟ್ಟಿಯಾಗಿ ಒತ್ತಿ, ಬಿಡಿ. ಪುಡಿಪುಡಿಯಾಗಿ ಉದುರಿದರೆ ಒಳ್ಳೆಯದು. ಮೊಸರನ್ನ ಕಲಸಿದ ಹಾಗೆ ಉಂಡೆಯಾಗಿ ನಿಂತರೆ ಒದ್ದೆಯಾಗಿದೆ, ಅಷ್ಟು ಭಾಗ ತೆಗೆದುಹಾಕಿ. ನಾನು ನೀರಿನ ಪಾತ್ರೆಯ ಸುತ್ತಲಿನ ಹಾಸನ್ನು ದಿನಾ ಹೀಗೆ ಒತ್ತಿ ನೋಡುತ್ತೇನೆ, ಮೊದಲು ಕೆಡುವುದು ಅಲ್ಲೇ.

ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಒದ್ದೆ ಹಾಸಿನಿಂದ ಎರಡು ಕೆಡುಕು. ಒಂದು ಅಮೋನಿಯ. ಹಿಕ್ಕೆಗೆ ನೀರು ಸೇರಿದಾಗ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತವೆ, ಮೂಗಿಗೆ ಚುಚ್ಚುವ ಅನಿಲ ಏಳುತ್ತದೆ. ಅದು ಕೋಳಿಯ ಕಣ್ಣು, ಉಸಿರುನಾಳ ಸುಡುತ್ತದೆ. ನಿಂತು ನೋಡಿದರೆ ವಾಸನೆ ಗೊತ್ತಾಗದು, ಕೋಳಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ಉಸಿರೆಳೆಯಿರಿ. ಇದಕ್ಕೆ ಸುಣ್ಣ ಎರಚುವ ರೂಢಿ ಇದೆ. ಒದ್ದೆ ಹಿಕ್ಕೆಯ ಮೇಲೆ ಸುಣ್ಣ ಬಿದ್ದರೆ ಅಮೋನಿಯ ಇನ್ನೂ ಜಾಸ್ತಿ ಏಳುತ್ತದೆ. ಮೊದಲು ಹಾಸು ತೆಗೆಯಿರಿ, ನೆಲ ಒಣಗಿಸಿ, ಸುಣ್ಣ ಬಳಿಯುವುದಿದ್ದರೆ ಆಮೇಲೆ.

ಇನ್ನೊಂದು ಕಾಕ್ಸಿಡಿಯೋಸಿಸ್. ಕೋಳಿಯ ಕರುಳಲ್ಲಿ ಬೆಳೆಯುವ, ಕಣ್ಣಿಗೆ ಕಾಣದ ಪರಾವಲಂಬಿಯಿಂದ ಬರುವ ರೋಗ. ಅದರ ಮೊಟ್ಟೆಯಂಥ ಕಣ ಹಿಕ್ಕೆಯಲ್ಲಿ ಹೊರಬರುತ್ತದೆ. ಒಣ ನೆಲದಲ್ಲಿ ಅದು ಬಲಿಯುವುದು ಕಷ್ಟ. ಬೆಚ್ಚಗೆ ಒದ್ದೆಯಾಗಿದ್ದರೆ ಒಂದೆರಡು ದಿನದಲ್ಲೇ ಬಲಿತು ರೋಗ ಹರಡುವ ಹಾಗಾಗುತ್ತದೆ. ಗೋವಾದ ಜುಲೈ ಅಂದರೆ ಅದಕ್ಕೆ ಬೇಕಾದ ಹವೆಯೇ. ಮರಿಗಳಿಗೆ ಜಾಸ್ತಿ ಬರುತ್ತದೆ. ಮುದುಡಿ ಕೂರುವುದು, ಮೇವು ಬಿಡುವುದು, ಹಿಕ್ಕೆಯಲ್ಲಿ ರಕ್ತ, ಇವು ಗುರುತು. ಇದಕ್ಕೆ ನೀರಲ್ಲಿ ಹಾಕುವ ಔಷಧ ಇದೆ, ಬೇಗ ಕೊಟ್ಟರೆ ಉಳಿಯುತ್ತವೆ. ಅರಿಶಿನ ಹಾಕಿ ಕಾಯುತ್ತಾ ಕೂರದೆ ಅದೇ ದಿನ ಪಶು ವೈದ್ಯರಿಗೆ ತೋರಿಸಿ.

ಹೊರಗೆ ಬಿಡಲೇಬಾರದಾ?

ಬಿಡಬಹುದು, ಬಿಡಲೂ ಬೇಕು. ಮಳೆ ಬಿಟ್ಟು ಒಂದು ಗಂಟೆಯಾಗಿ, ಹುಲ್ಲಿನ ಮೇಲಿನ ನೀರು ಇಳಿದಿದ್ದರೆ ಬಿಡಿ. ಜನ ಆಕಾಶ ನೋಡಿ ಬಾಗಿಲು ತೆಗೆಯುತ್ತಾರೆ, ಹುಲ್ಲನ್ನು ಮರೆಯುತ್ತಾರೆ. ಸಿಲ್ಕಿಯ ಹೊಟ್ಟೆ ನೆಲಕ್ಕೆ ಹತ್ತಿರ. ಮೊಣಕಾಲುದ್ದ ಒದ್ದೆ ಹುಲ್ಲಲ್ಲಿ ಓಡಾಡಿದರೆ ಬೆನ್ನು ಒಣಗಿದ್ದರೂ ಹೊಟ್ಟೆ ಪೂರ್ತಿ ನೆನೆದಿರುತ್ತದೆ. ಗೂಡಿನ ಮುಂದೆ ಹುಲ್ಲು ಗಿಡ್ಡ ಇರಲಿ, ಜಲ್ಲಿ ಮತ್ತು ಮರಳು ಹಾಕಿದ ಜಾಗ ಇದ್ದರೆ ಇನ್ನೂ ಒಳ್ಳೆಯದು. ಗೂಡಿನ ಸುತ್ತ ಒಂದು ಗೇಣು ಆಳದ ಚರಂಡಿ ತೋಡಿ ನೀರಿಗೆ ದಾರಿ ಮಾಡಿಕೊಡಿ. ಈ ಕೆಲಸಕ್ಕೆ ಬರಿಗಾಲಲ್ಲಿ ಇಳಿಯಬೇಡಿ, ಇಲಿ ಜ್ವರ ನಿಂತ ನೀರಿನಿಂದ ನಮಗೇ ಬರುತ್ತದೆ.

ಸೂರಿನ ಕೆಳಗೆ ಒಂದು ಅಗಲ ಬುಟ್ಟಿಯಲ್ಲಿ ಒಣ ಮಣ್ಣು, ಸ್ವಲ್ಪ ಸೌದೆ ಒಲೆಯ ಬೂದಿ ಇಡಿ. ಕೋಳಿ ಮಣ್ಣಲ್ಲಿ ಹೊರಳಿಯೇ ಹೇನು ಕಳೆದುಕೊಳ್ಳುವುದು. ಮಳೆಗಾಲದಲ್ಲಿ ಅಂಗಳದಲ್ಲಿ ಒಣ ಮಣ್ಣೇ ಇರುವುದಿಲ್ಲ, ಹಾಗಾಗಿ ಸಿಲ್ಕಿಯ ದಟ್ಟ ಪುಕ್ಕದೊಳಗೆ ಹೇನು ತುಂಬುತ್ತದೆ. ವಾರಕ್ಕೊಮ್ಮೆ ರೆಕ್ಕೆಯಡಿ, ಬಾಲದಡಿ ಪುಕ್ಕ ಬಿಡಿಸಿ ನೋಡಿ.

ಪೂರ್ತಿ ನೆನೆದ ಕೋಳಿ ಕೈಗೆ ಸಿಕ್ಕಾಗ

ಎರಡು ವರ್ಷದ ಹಿಂದಿನ ಒಂದು ಸಂಜೆ. ನಾನು ಕೆಲಸದಿಂದ ಬರುವಾಗ ಏಳು ಗಂಟೆ. ಗೂಡಿನ ಬಾಗಿಲು ಗಾಳಿಗೆ ಮುಚ್ಚಿಕೊಂಡು ಒಂದು ಹೇಂಟೆ ಹೊರಗೇ ಉಳಿದಿತ್ತು. ತುಳಸಿ ಕಟ್ಟೆಯ ಮೂಲೆಯಲ್ಲಿ ನಿಂತಿತ್ತು. ಎತ್ತಿಕೊಂಡರೆ ಹಿಂಡದ ಟವೆಲ್‌ನಷ್ಟು ಭಾರ. ಬಿಳಿ ಪುಕ್ಕ ಮೈಗೆ ಅಂಟಿ, ಒಳಗಿನ ಕಪ್ಪು ಚರ್ಮ ನೀಲಿ ನೀಲಿಯಾಗಿ ಕಾಣುತ್ತಿತ್ತು. ಕಾಲು ತಣ್ಣಗೆ. ಕಣ್ಣು ಅರ್ಧ ಮುಚ್ಚಿತ್ತು.

ಹಳೆ ಟವೆಲ್‌ನಲ್ಲಿ ಸುತ್ತಿ ಒತ್ತಿದೆ. ಉಜ್ಜಬಾರದು, ಸಿಲ್ಕಿಯ ಎಳೆ ಗಂಟಾಗುತ್ತದೆ. ಮೂರು ಟವೆಲ್ ಬದಲಾಯಿಸಿದ ಮೇಲೆ ಹೇರ್ ಡ್ರೈಯರ್ ಅತಿ ಕಡಿಮೆ ಬಿಸಿಯಲ್ಲಿ, ಮೊಳದುದ್ದ ದೂರದಿಂದ ಹಿಡಿದೆ. ನನ್ನ ಇನ್ನೊಂದು ಕೈ ಕೋಳಿಯ ಮೈ ಮೇಲೇ ಇತ್ತು. ನನ್ನ ಕೈಗೆ ಬಿಸಿ ಅನಿಸಿದರೆ ಅದಕ್ಕೂ ಬಿಸಿ. ಇಪ್ಪತ್ತು ನಿಮಿಷಕ್ಕೆ ಬೆನ್ನು ಉಬ್ಬಿ ಅರಳೆಯಾಯಿತು. ಆಯ್ತು ಅಂದುಕೊಂಡು ರೆಕ್ಕೆ ಎತ್ತಿ ನೋಡಿದರೆ ಒಳಗೆ ಇನ್ನೂ ಹಸಿ! ಬಾಲದಡಿ, ತೊಡೆ ಸಂದಿ, ಹೊಟ್ಟೆ, ಎಲ್ಲ ಒಣಗಲು ಮತ್ತೆ ಅರ್ಧ ಗಂಟೆ ಹಿಡಿಯಿತು. ಮೇಲ್ಪದರ ಒಣಗಿದ್ದಕ್ಕೆ ಮೋಸ ಹೋಗಬೇಡಿ, ಬೆರಳು ಚರ್ಮದ ತನಕ ಇಳಿಸಿ ನೋಡಿ.

ಕರೆಂಟ್ ಇಲ್ಲದಿದ್ದರೆ? ಇಲ್ಲಿ ಮಳೆ ಬಂದರೆ ಕರೆಂಟ್ ಹೋಗುವುದು ಮಾಮೂಲು. ಟವೆಲ್‌ನಿಂದ ಎಷ್ಟಾಗುತ್ತೋ ಅಷ್ಟು ನೀರು ತೆಗೆದು, ರಟ್ಟಿನ ಡಬ್ಬಿಯಲ್ಲಿ ಒಣ ಬಟ್ಟೆ ಹಾಸಿ ಕೂರಿಸಿ. ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಂದು ಬದಿಗೆ ಮಾತ್ರ ಇಡಿ, ಸೆಕೆಯಾದರೆ ಕೋಳಿ ಆಚೆ ಸರಿಯಲಿ. ಡಬ್ಬಿಯ ಮೇಲೆ ತೂತು ಇರಲಿ. ಎಚ್ಚರವಾದ ಮೇಲೆ ಉಗುರುಬೆಚ್ಚಗಿನ ನೀರಿಗೆ ಚೂರು ಬೆಲ್ಲ ಹಾಕಿ ಮುಂದಿಡಿ, ತಾನೇ ಕುಡಿಯಲಿ. ತೂಕಡಿಸುವ ಕೋಳಿಯ ಬಾಯಿಗೆ ನೀರು ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಆ ಹೇಂಟೆಯನ್ನು ರಾತ್ರಿ ಅಡುಗೆಮನೆಯಲ್ಲೇ ಇಟ್ಟುಕೊಂಡೆ. ಬೆಳಿಗ್ಗೆ ಐದೂವರೆಗೆ ಡಬ್ಬಿ ಕೆದಕುವ ಸದ್ದಿಗೆ ಎಚ್ಚರವಾಯಿತು.

ಮೇವು, ಸೊಳ್ಳೆ, ಲಸಿಕೆ

ಮೆಕ್ಕೆಜೋಳ, ಶೇಂಗಾ ಹಿಂಡಿ ಇರುವ ಮೇವು ಥಂಡಿ ಹಿಡಿದರೆ ಬೂಷ್ಟು ಬರುತ್ತದೆ. ಆ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಮಾಡಬಹುದು, ಅದು ಕೋಳಿಯ ಲಿವರ್ ಹಾಳು ಮಾಡುತ್ತದೆ. ಬಿಸಿಲಿಗೆ ಹಾಕಿದರೆ, ಹುರಿದರೆ ಬೂಷ್ಟು ಸಾಯಬಹುದು, ವಿಷ ಪೂರ್ತಿ ಹೋಗುವುದಿಲ್ಲ. ಗಂಟು ಕಟ್ಟಿದ, ಮುಗ್ಗಲು ವಾಸನೆಯ ಮೇವನ್ನು ಎಸೆದುಬಿಡಿ. ನಾನು ಮಳೆಗಾಲದಲ್ಲಿ ಒಂದು ವಾರಕ್ಕಾಗುವಷ್ಟೇ ತಂದು, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಇಡುತ್ತೇನೆ.

ಸೊಳ್ಳೆಯಿಂದ ಕೋಳಿ ಸಿಡುಬು ಹರಡುತ್ತದೆ. ಜುಟ್ಟು, ರೆಪ್ಪೆಯ ಮೇಲೆ ಗುಳ್ಳೆ ಏಳುತ್ತವೆ. ಸಿಲ್ಕಿಯ ಮುಖ ಕಪ್ಪಾದ್ದರಿಂದ ಕಣ್ಣಿಗೆ ಬೇಗ ಕಾಣವು, ಬೆರಳಿಂದ ಸವರಿ ನೋಡಬೇಕು. ಇದಕ್ಕೂ, ನಮ್ಮ ಕಡೆ ಕೊಕ್ಕರೆ ರೋಗ ಅನ್ನುವ ರಾಣಿಖೇತ್‌ಗೂ ಲಸಿಕೆ ಇದೆ. ಮಳೆಗಿಂತ ಮೊದಲೇ, ಏಪ್ರಿಲ್ ಮೇ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ.

ಜುಲೈನಲ್ಲಿ ಮರಿ ಮಾಡಿಸಬೇಡಿ. ಸಿಲ್ಕಿ ಹೇಂಟೆಗೆ ಕಾವು ಕೂರುವ ಆಸೆ ಜಾಸ್ತಿ, ಯಾವ ತಿಂಗಳಾದರೂ ಕೂರುತ್ತದೆ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಥಂಡಿಯಲ್ಲಿ, ಕರೆಂಟ್ ಹೋಗುವ ದಿನಗಳಲ್ಲಿ ಇದನ್ನು ಕಾಯುವುದು ಕಷ್ಟ. ದಿನಾ ಮೊಟ್ಟೆ ತೆಗೆದುಬಿಡಿ.

ಇನ್ನೂ ಕೋಳಿ ತರದೆ, ತರಬೇಕು ಅಂತ ಆಸೆ ಇಟ್ಟುಕೊಂಡವರು ಇದ್ದೀರಿ. ಮೇ ತಿಂಗಳಲ್ಲಿ ತರಬೇಡಿ. ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ಇಲ್ಲಿ ಬಿಸಿಲು ಬರುತ್ತದೆ, ನೆಲ ಒಣಗುತ್ತದೆ. ಆಗ ತನ್ನಿ. ಮುಂದಿನ ಜೂನ್ ಬರುವಷ್ಟರಲ್ಲಿ ಅವು ಬೆಳೆದಿರುತ್ತವೆ, ನಿಮಗೂ ಗೂಡು ಕಟ್ಟಲು ಏಳೆಂಟು ತಿಂಗಳು ಸಿಕ್ಕಿರುತ್ತದೆ.